ಚೈತ್ರಮಾಸದ ಅಂಕಪಟ್ಟಿ

ಮಾದಿಹಳ್ಳಿಯ ಸುತ್ತಿನ ಊರುಗಳಲ್ಲಿ ಚೈತ್ರ ಬಂದಿತೆಂಬುದನ್ನು ಪಂಚಾಂಗ ನೋಡಿ ತಿಳಿಯಬೇಕಾಗಿಲ್ಲ. ಎಲೆಯುದುರಿಸಿ ನಿಂತಿದ್ದ ಹೊಂಗೆ ಕೆಲವೇ ದಿನಗಳಲ್ಲಿ ಎಳೆಹಸುರನ್ನು ಹೊದೆಯುತ್ತದೆ. ಮಾವಿನ ಹೀಚು ಮಕ್ಕಳ ಕಲ್ಲಿಗೆ ಗುರಿಯಾಗುವಷ್ಟು ದಪ್ಪವಾಗುತ್ತದೆ. ಬೇವು ಹೂ ಬಿಡುತ್ತದೆ. ಪಶ್ಚಿಮಕ್ಕೆ, ಬಿಕ್ಕೋಡು ಅರೇಹಳ್ಳಿಗಳ ಕಡೆಗೆ ಹೋದರೆ, ಒಂದು ಹದಮಳೆ ಬಿದ್ದ ವಾರ ಹತ್ತು ದಿನಗಳಲ್ಲಿ ಕಾಫಿಯ ತೋಟಗಳು ಬೆಳ್ಳಗಾಗಿ, ಆ ಪರಿಮಳ ದಾರಿಹೋಕನನ್ನೂ ನಿಲ್ಲಿಸುತ್ತದೆ. ಬೇಲೂರಿನಲ್ಲಿ ಚೆನ್ನಕೇಶವನ ತೇರಿಗೆ ಹಗ್ಗ ಬಿಗಿಯುವ ಕಾಲವೂ ಇದೇ. ಇಡೀ ಸೀಮೆ ಹೀಗೆ ಕಣ್ಣು ತೆರೆಯುವ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕುಳಿತಿರುವ ಸಂಸ್ಥೆ ಒಂದೇ. ಅದು ನಮ್ಮ ಶಾಲೆ.

ಮಾತು ಕಟುವೆನ್ನಿಸಬಹುದು. ಆದುದರಿಂದ ದಿನಗಳ ಲೆಕ್ಕವನ್ನೇ ಹಿಡಿಯೋಣ. 2025ರಲ್ಲಿ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆ ಮಾರ್ಚ್ 21ರಂದು ಆರಂಭವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಯುಗಾದಿ ಬಂದದ್ದು ಮಾರ್ಚ್ 30ರಂದು. ಎಂದರೆ ಹತ್ತನೆಯ ತರಗತಿಯ ಮಕ್ಕಳು ಬೇವುಬೆಲ್ಲವನ್ನು ಎರಡು ಪ್ರಶ್ನೆಪತ್ರಿಕೆಗಳ ನಡುವೆ ತಿಂದರು. ಉಳಿದ ತರಗತಿಗಳ ವಾರ್ಷಿಕ ಪರೀಕ್ಷೆಗಳೂ ಹೆಚ್ಚುಕಡಿಮೆ ಈ ಅವಧಿಯಲ್ಲಿಯೇ ನಡೆದವು. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಲ್ಲಿ ಪೋಷಕರನ್ನು ಕರೆದು ಫಲಿತಾಂಶವನ್ನು ತಿಳಿಸುವುದು ಪದ್ಧತಿ. ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಗೆಯ ರಜ, ಶಾಲೆಗೆ ಬೀಗ. ಹೀಗೆ ನಮ್ಮ ವಸಂತ ಋತುವಿನ ಮೊದಲ ಭಾಗ ಪರೀಕ್ಷೆಗೂ ಎರಡನೆಯ ಭಾಗ ಬೀಗಕ್ಕೂ ಸಂದುಹೋಗುತ್ತದೆ. ಶಾಲೆಯೂ ವಸಂತವೂ ಒಂದು ದಿನವಾದರೂ ಮುಖಾಮುಖಿಯಾಗಿ ಕುಳಿತು ಮಾತಾಡುವುದಿಲ್ಲ.

ಇದರಲ್ಲಿ ಕೊರಗುವಂಥದೇನಿದೆ, ಪರೀಕ್ಷೆಯ ಕಾಲ ಯಾವಾಗಲೂ ಹೀಗೆಯೇ ಅಲ್ಲವೇ ಎಂದು ವಾಚಕರು ಕೇಳಬಹುದು. ಕೊರಗು ಹೂವು ಚಿಗುರುಗಳದಷ್ಟೇ ಆಗಿದ್ದರೆ ಅದನ್ನು ಕವಿಗಳಿಗೆ ಬಿಟ್ಟುಬಿಡಬಹುದಾಗಿತ್ತು. ಇಲ್ಲಿರುವ ಪ್ರಶ್ನೆ ಬೇರೆ. ಒಂದು ವರ್ಷದ ಕಲಿಕೆ ಮುಗಿಯುವ ಈ ಘಟ್ಟದಲ್ಲಿ ನಾವು ಯಾವುದನ್ನು ‘ಸಾಧನೆ’ ಎಂದು ಕರೆಯುತ್ತೇವೆ, ಆ ಸಾಧನೆಯನ್ನು ಯಾರ ಹೆಸರಿನಲ್ಲಿ ಬರೆದುಕೊಳ್ಳುತ್ತೇವೆ ಎಂಬುದು. ಈ ಪ್ರಶ್ನೆಗೆ ನಾವು ಈಗ ಕೊಡುತ್ತಿರುವ ಉತ್ತರ ಸರಿಯಲ್ಲವೆಂದು ನನ್ನ ಎಣಿಕೆ.

ಬೇಲೂರು ತಾಲ್ಲೂಕು ಎರಡು ಮುಖದ ತಾಲ್ಲೂಕು. ಪಡುವಣ ಭಾಗ ಮಲೆನಾಡಿನ ಸೆರಗು. ಅಲ್ಲಿ ಕಾಫಿ, ಮೆಣಸು, ಏಲಕ್ಕಿ. ಮೂಡಣಕ್ಕೆ ಬಂದಂತೆ ನೆಲ ಒಣಗುತ್ತಾ ಬರುತ್ತದೆ. ಹಳೇಬೀಡು, ಮಾದಿಹಳ್ಳಿ ಹೋಬಳಿಗಳ ರೈತರು ಯಗಚಿಯ ನೀರು ತಮ್ಮ ಕೆರೆಗಳಿಗೂ ಹರಿದು ಬರಲೆಂದು ವರ್ಷಗಟ್ಟಲೆ ಕೇಳಿಕೊಂಡವರು; ಅದಕ್ಕಾಗಿ ಪಾದಯಾತ್ರೆ ಮಾಡಿದವರು. ಮಳೆಯನ್ನು ನಂಬಿದ ಇಂಥ ಸೀಮೆಯಲ್ಲಿ ಸರ್ಕಾರಿ ಶಾಲೆಗೆ ಬರುವ ಮಗು ಯಾರ ಮನೆಯದು ಎಂದು ವಿವರಿಸಬೇಕಾಗಿಲ್ಲ. ರಾಗಿ ಜೋಳ ಬೆಳೆಯುವವರ, ಆಲೂಗೆಡ್ಡೆಯ ಬಿತ್ತನೆಗೆ ಸಾಲ ಮಾಡುವವರ, ಕೂಲಿಗೆ ತೋಟಗಳಿಗೆ ಹೋಗಿಬರುವವರ ಮಕ್ಕಳು ಇವರು. ಇವರಿಗೆ ಹತ್ತನೆಯ ತರಗತಿಯ ಒಂದು ಕಾಗದ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಪಟ್ಟಣದಲ್ಲಿ ಕುಳಿತು ಪರೀಕ್ಷೆಯನ್ನು ಜರೆಯುವವರು ಅರಿಯರು. ಐ.ಟಿ.ಐ. ಸೇರಬೇಕೆಂದರೂ, ಪಿ.ಯು. ತರಗತಿಯ ಬಾಗಿಲು ತಟ್ಟಬೇಕೆಂದರೂ, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಬೇಕೆಂದರೂ ಆ ಕಾಗದ ಬೇಕು. ಹುಡುಗಿಯ ಮದುವೆ ಎರಡು ವರ್ಷ ಮುಂದಕ್ಕೆ ಹೋಗುವುದಕ್ಕೂ ಎಷ್ಟೋ ಮನೆಗಳಲ್ಲಿ ಆ ಕಾಗದವೇ ಕಾರಣ. ಆದುದರಿಂದ ಪರೀಕ್ಷೆ ಬೇಡವೆಂದು ನಾನು ಹೇಳುವವನಲ್ಲ. ಹೇಳಹೊರಟಿರುವುದು ಪರೀಕ್ಷೆಯ ಫಲವನ್ನು ನಾವು ಎಣಿಸುವ ರೀತಿಯ ವಿಚಾರ.

ನಮ್ಮ ಹಾಸನ ಜಿಲ್ಲೆಯ ಉದಾಹರಣೆಯೇ ಇದಕ್ಕೆ ಸಾಕು. 2019ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡಾ 89.33ರಷ್ಟು ಫಲಿತಾಂಶ ಪಡೆದು ಹಾಸನ ಇಡೀ ರಾಜ್ಯಕ್ಕೆ ಮೊದಲನೆಯದಾಯಿತು. ಆ ವರ್ಷ ರಾಜ್ಯದ ಸರಾಸರಿ 73.70. ಸಂತೋಷಪಡಬೇಕಾದ ವಿಷಯವೇ. ಹಿಂದುಳಿದ ಮಕ್ಕಳಿಗೆ ವಿಶೇಷ ತರಗತಿಗಳು ನಡೆದಿದ್ದವು. ಉಪಾಧ್ಯಾಯರು ಬೆಳಗಿನ ಹೊತ್ತೂ ಸಂಜೆಯ ಹೊತ್ತೂ ದುಡಿದಿದ್ದರು. ಆದರೆ ಫಲಿತಾಂಶ ಬಂದ ಮೇಲೆ ಜಿಲ್ಲೆಯಲ್ಲಿ ನಡೆದ ಚರ್ಚೆಯನ್ನು ನೆನೆದರೆ ಇಂದಿಗೂ ಒಂದು ಬಗೆಯ ಸಂಕೋಚವಾಗುತ್ತದೆ. ಈ ಕೀರ್ತಿ ಅಧಿಕಾರಿಗಳದ್ದೋ ಜನಪ್ರತಿನಿಧಿಗಳದ್ದೋ ಎಂಬ ವಾದ ಸಾರ್ವಜನಿಕವಾಗಿ ನಡೆಯಿತು. ಬರೆದ ಮಕ್ಕಳು ಯಾರು, ಅವರು ಏನನ್ನು ಕಲಿತರು, ತೇರ್ಗಡೆಯಾದವರು ಮುಂದೆ ಎಲ್ಲಿಗೆ ಹೋದರು ಎಂಬ ಮಾತು ಆ ಗದ್ದಲದಲ್ಲಿ ಯಾರಿಗೂ ಮುಖ್ಯವಾಗಲಿಲ್ಲ. ಬೆಳೆ ಬೆಳೆದವನನ್ನು ಹೊಲದಲ್ಲಿಯೇ ಬಿಟ್ಟು ರಾಶಿಯ ಮುಂದೆ ನಿಂತು ಹಾರ ಹಾಕಿಸಿಕೊಂಡಂತಾಯಿತು ಅದು.

ಮುಂದಿನ ಕಥೆ ಇನ್ನೂ ವಿಚಾರಕ್ಕೆ ಎಡೆಗೊಡುವಂಥದು. 2023ರಲ್ಲಿ ಹಾಸನ ಜಿಲ್ಲೆಯ ಫಲಿತಾಂಶ ಶೇಕಡಾ 96.68, ರಾಜ್ಯದಲ್ಲಿ ಮೂರನೆಯ ಸ್ಥಾನ. 2024ರಲ್ಲಿ ಅದು 86.28ಕ್ಕೆ ಇಳಿದು ಆರನೆಯ ಸ್ಥಾನಕ್ಕೆ ಬಂದಿತು. ರಾಜ್ಯದ ಸರಾಸರಿಯೂ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಶೇಕಡಾ 20ರವರೆಗೆ ಕೃಪಾಂಕಗಳನ್ನು ಕೊಟ್ಟ ಮೇಲೆ! ಎರಡು ವಸಂತಗಳ ನಡುವೆ ನೂರರಲ್ಲಿ ಹತ್ತು ಮಕ್ಕಳ ಬುದ್ಧಿ ಇದ್ದಕ್ಕಿದ್ದಂತೆ ಮಂಕಾಯಿತೇ? ಅದೇ ಕೊಠಡಿ, ಅದೇ ಪುಸ್ತಕ, ಅದೇ ಉಪಾಧ್ಯಾಯರು. ಬದಲಾದದ್ದು ಬೇರೊಂದು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇರಿಸಿ, ದೂರದ ಕಚೇರಿಯಲ್ಲಿ ಕುಳಿತವರು ಅದನ್ನು ನೋಡುವ ವ್ಯವಸ್ಥೆ ಬಂದಿತು. ಕಣ್ಣು ಬಿದ್ದೊಡನೆ ಅಂಕೆ ಇಳಿಯಿತು.

ಇದರಿಂದ ನಮ್ಮ ಮಕ್ಕಳು ಮೋಸಗಾರರು ಎಂದು ತೀರ್ಮಾನಿಸುವುದು ಅನ್ಯಾಯ. ಅಂಕೆಯ ಹಸಿವು ಹುಟ್ಟಿದ್ದು ಮಕ್ಕಳ ಹೊಟ್ಟೆಯಲ್ಲಲ್ಲ. ಶಾಲೆಗೆ ಒಂದು ಶೇಕಡಾ ಗುರಿ, ಹೋಬಳಿಗೆ ಒಂದು ಗುರಿ, ತಾಲ್ಲೂಕಿಗೆ ಒಂದು, ಜಿಲ್ಲೆಗೆ ಒಂದು ಎಂದು ಏಣಿ ಕಟ್ಟಿ, ಮೇಲಿನ ಮೆಟ್ಟಿಲಿನವರು ಕೆಳಗಿನ ಮೆಟ್ಟಿಲಿನವರನ್ನು ಕೇಳುತ್ತ ಬಂದರೆ ಕೊನೆಯ ಮೆಟ್ಟಿಲಿನಲ್ಲಿ ನಿಂತ ಹದಿನಾರರ ಹುಡುಗನೂ ಆತನ ಮೇಷ್ಟರೂ ಏನು ಮಾಡಬೇಕು? ಒಂದು ಅಳತೆಗೋಲನ್ನೇ ಬಹುಮಾನವನ್ನಾಗಿ ಮಾಡಿದ ದಿನ ಆ ಕೋಲು ಅಳೆಯುವ ಕೆಲಸವನ್ನು ಬಿಡುತ್ತದೆ. 96 ಆಗಲಿ 86 ಆಗಲಿ ಮಾದಿಹಳ್ಳಿಯ ಕಡೆಯ ಒಂದು ಮಗು ಒಂದು ಪುಟ ಕನ್ನಡವನ್ನು ತಡವರಿಸದೆ ಓದಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲದೇ ಎಂಬುದನ್ನು ನಮಗೆ ತಿಳಿಸದು. ಪಿ.ಯು. ದಾಟಿ ಪದವಿ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ, ಮೊದಲ ಭಾಷೆಯ 125 ಅಂಕಗಳಲ್ಲಿ ನೂರಹದಿನೈದನ್ನು ದಾಟಿದವರೂ ಒಂದು ಅರ್ಜಿಯನ್ನು ಸ್ವತಃ ಬರೆಯಲು ಹಿಂಜರಿಯುವುದನ್ನು ಕನ್ನಡ ಅಧ್ಯಾಪಕರಾದ ನಾವೆಲ್ಲ ಕಂಡಿದ್ದೇವೆ. ಅವರ ಅಂಕ ಸುಳ್ಳಲ್ಲ. ಅಂಕ ಹೇಳುವ ಮಾತು ಅಷ್ಟೇ ಎಂದು ತಿಳಿಯಬೇಕು.

ಈ ಏಣಿ ಹತ್ತನೆಯ ತರಗತಿಯಲ್ಲಿಯೇ ನಿಂತಿದ್ದರೆ ಅಷ್ಟು ಚಿಂತೆಯಿರಲಿಲ್ಲ. 2023ರ ಮಾರ್ಚಿನಲ್ಲಿ ಐದನೆಯ ಮತ್ತು ಎಂಟನೆಯ ತರಗತಿಗಳಿಗೂ ಮಂಡಳಿಯ ಮಟ್ಟದ ಪರೀಕ್ಷೆ ಬಂದಿತು. ಮರುವರ್ಷ ಒಂಬತ್ತನೆಯ ತರಗತಿಯೂ ಸೇರಿತು. ಉಚ್ಚ ನ್ಯಾಯಾಲಯದಲ್ಲಿ ಒಂದು ಪೀಠ ಬೇಡವೆಂದಿತು, ಇನ್ನೊಂದು ಪೀಠ ಆಗಬಹುದೆಂದಿತು. 2024ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಫಲಿತಾಂಶಗಳಿಗೆ ತಡೆ ನೀಡಿತು. ಹತ್ತು ವರ್ಷದ ಮಗುವೊಂದು ಪರೀಕ್ಷೆ ಬರೆಯಬೇಕೋ ಬೇಡವೋ ಎಂಬುದು ದೆಹಲಿಯವರೆಗೆ ಹೋಗಿ ತೀರ್ಮಾನವಾಗಬೇಕಾಯಿತು. ಆ ವಸಂತದಲ್ಲಿ ಹಳ್ಳಿಯ ಐದನೆಯ ತರಗತಿಯ ಮಕ್ಕಳು ಕಲಿತದ್ದೇನೆಂದು ಯಾರಾದರೂ ಕೇಳಿದರೆ, ‘ಕಾಯುವುದನ್ನು’ ಎಂಬುದೇ ಪ್ರಾಮಾಣಿಕವಾದ ಉತ್ತರ. ಮುಂದಿನ ವರ್ಷಕ್ಕೆ ಇಲಾಖೆ ಈ ಪರೀಕ್ಷೆಗಳನ್ನು ಕೈಬಿಟ್ಟದ್ದು ವಿವೇಕದ ಕೆಲಸ.

ಸಾಧನೆಯನ್ನು ದಾಖಲೆ ಮಾಡುವುದು ಹೇಗೆಂಬುದನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಕಲ್ಲುಗಳೇ ಅದಕ್ಕೆ ಗುರುಗಳು. ಹಲ್ಮಿಡಿ ಇರುವುದು ಇದೇ ಬೇಲೂರು ತಾಲ್ಲೂಕಿನಲ್ಲಿ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಅಲ್ಲಿಯ ಶಾಸನವನ್ನು ಸುಮಾರು ಕ್ರಿ. ಶ. 450ರದೆಂದು ವಿದ್ವಾಂಸರು ಎಣಿಸಿಕೊಂಡು ಬಂದಿದ್ದಾರೆ. ತಾಳಗುಂದದ ಶಾಸನವೊಂದು ಅದಕ್ಕೂ ಹಿಂದಿನದೆಂಬ ವಾದ ಈಚೆಗೆ ಬಂದಿದೆ. ಆ ಚರ್ಚೆ ಏನೇ ಇರಲಿ, ಕನ್ನಡದ ಅತಿ ಹಳೆಯ ಬರಹಗಳ ಸಾಲಿನಲ್ಲಿ ಹಲ್ಮಿಡಿಯ ಸ್ಥಾನ ಅಲುಗದು. ಆ ಕಲ್ಲು ಏನನ್ನು ಹೇಳುತ್ತದೆ? ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ವಿಜಾರಸನೆಂಬವನಿಗೆ ಊರುಗಳನ್ನು ‘ಬಾಳ್ಗಳ್ಚು’ ಕೊಟ್ಟ ಸಂಗತಿಯನ್ನು. ಎಂದರೆ ಕತ್ತಿಯನ್ನು ತೊಳೆದು ಮನ್ನಿಸಿದ ದತ್ತಿಯನ್ನು. ನಮ್ಮ ನುಡಿ ಕಲ್ಲಿನ ಮೇಲೆ ತೊದಲಿದ ಮೊದಲ ಮಾತುಗಳಲ್ಲೊಂದು ಒಬ್ಬ ವ್ಯಕ್ತಿಯ ಸಾಧನೆಯ ದಾಖಲೆ. ಯಾರು, ಏನು ಮಾಡಿದನು, ಅದಕ್ಕೆ ಏನು ಸಂದಿತು: ಮೂರೂ ಅಲ್ಲಿವೆ. ಆ ನಾಡಿನಲ್ಲಿ ನೂರಕ್ಕೆ ಇಷ್ಟು ಮಂದಿ ವೀರರಾಗಿದ್ದರೆಂದು ಆ ಶಾಸನ ಬರೆದಿದ್ದರೆ ವಿಜಾರಸನ ಹೆಸರು ನಮಗೆ ಉಳಿಯುತ್ತಿತ್ತೇ?

ಬೇಲೂರಿನ ಮಾತೂ ಇದೇ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯವನ್ನು ಹೊಯ್ಸಳರ ಕೀರ್ತಿಯೆಂದು ನಾವು ಹೊಗಳುತ್ತೇವೆ. ಆದರೆ ಆ ಅರಸನ ಕಾಲದವರು ನಮಗಿಂತ ಉದಾರಿಗಳು. ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನೂ ಬಿರುದುಗಳನ್ನೂ ಕೆತ್ತಿಕೊಳ್ಳಲು ಅವರು ಎಡೆಮಾಡಿಕೊಟ್ಟರು. ಬಳ್ಳಿಗಾವೆಯಿಂದ ಬಂದ ದಾಸೋಜ, ಆತನ ಮಗ ಚಾವಣ ಎಂಬ ಹೆಸರುಗಳು ಒಂಬತ್ತು ಶತಮಾನಗಳನ್ನು ದಾಟಿ ನಮ್ಮವರೆಗೆ ಬಂದದ್ದು ಹೀಗೆ. ಯಾವ ಮದನಿಕೆಯನ್ನು ಯಾರ ಉಳಿ ಬಿಡಿಸಿತೆಂದು ಹೇಳಬಲ್ಲ ದೇವಾಲಯಗಳು ಪ್ರಪಂಚದಲ್ಲಿ ಹೆಚ್ಚಿಲ್ಲ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಊರಿಗೆ ಬೋರ್ಡು ಬಂದಿತು; ಪ್ರವಾಸಿಗಳು ಹೆಚ್ಚಿದರು. ಆದರೆ ಹತ್ತು ಹದಿನೈದು ಮೈಲಿಗಳೊಳಗಿನ ಸರ್ಕಾರಿ ಶಾಲೆಗಳ ಪಾಠಪಟ್ಟಿಯಲ್ಲಿ ಆ ಕಲ್ಲುಗಳಿಗೆ ಒಂದು ಮಧ್ಯಾಹ್ನವಾದರೂ ದೊರೆತಿದೆಯೇ? ಹಲ್ಮಿಡಿಯನ್ನು ಕಣ್ಣಾರೆ ಕಂಡವರು ಕೈಯೆತ್ತಿ ಎಂದು ತರಗತಿಯಲ್ಲಿ ಕೇಳುವುದು ನನ್ನ ಅಭ್ಯಾಸ. ಏಳುವ ಕೈಗಳನ್ನು ಎಣಿಸಲು ಎರಡನೆಯ ಕೈಯ ಬೆರಳುಗಳು ಬೇಕಾಗುವುದಿಲ್ಲ.

ಒಂದು ಮಗುವಿನ ಸಾಧನೆ ಯಾವ ರೂಪದಲ್ಲಿ, ಯಾವ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದೆಂದು ಮೊದಲೇ ಹೇಳಲಾಗದು. ನಮ್ಮ ಜಿಲ್ಲೆಯವರಾದ ಬಾನು ಮುಷ್ತಾಕ್ ಅವರ ಬಾಲ್ಯದ ಒಂದು ಸಂಗತಿ ಈಗ ನಾಡಿಗೆಲ್ಲ ತಿಳಿದಿದೆ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ಸೇರಿಸಿದಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿತ್ತು. ಮನೆಮಾತು ಬೇರೆಯಾಗಿದ್ದ ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಬಹುಮಾನ ಸಂದಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು; ಸಣ್ಣಕಥೆಗಳ ಸಂಗ್ರಹವೊಂದಕ್ಕೆ ಬಂದದ್ದೂ ಅದೇ ಮೊದಲು. ಆ ಎಂಟರ ಹುಡುಗಿ ಕೆಲವು ದಿನಗಳಲ್ಲಿ ಮಾಡಿದ ಕೆಲಸವನ್ನು ಯಾವ ಜಿಲ್ಲೆಯ ಯಾವ ಶೇಕಡಾದಲ್ಲಿ ಸೇರಿಸುವುದು? ಅಲ್ಲಿ ನಡೆದದ್ದು ಒಂದು ಮನಸ್ಸಿಗೂ ಒಂದು ಭಾಷೆಗೂ ಆದ ಭೇಟಿ. ಶಾಲೆ ಅಂಥ ಭೇಟಿಗೆ ಬಾಗಿಲು ತೆರೆಯಿತು. ಅದೇ ಶಾಲೆಯ ದೊಡ್ಡ ಕೆಲಸ.

ಹಾಗಾದರೆ ನಮ್ಮ ಶಾಲೆಗಳಲ್ಲಿ ಚಟುವಟಿಕೆಗಳೇ ಇಲ್ಲವೇ? ಇವೆ. ಈ ಶತಮಾನದ ಆರಂಭದ ವರ್ಷಗಳಿಂದ ‘ಪ್ರತಿಭಾ ಕಾರಂಜಿ’ ನಡೆದುಬಂದಿದೆ. ಶಾಲೆಗಳ ಗುಂಪಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಹರಿಯುವ ಈ ಸ್ಪರ್ಧೆಯಲ್ಲಿ ಕಂಠಪಾಠ, ಆಶುಭಾಷಣ, ಜನಪದ ನೃತ್ಯ, ಮಣ್ಣಿನ ಮಾದರಿ, ರಂಗೋಲಿ ಎಲ್ಲಕ್ಕೂ ಸ್ಥಾನವಿದೆ. ಹೋಬಳಿಯ ಕ್ರೀಡಾಕೂಟಗಳಿವೆ. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಬಣ್ಣ ಹಚ್ಚಿಕೊಂಡು ಕುಣಿಯುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಇಲ್ಲಿಯೂ ಅದೇ ಏಣಿ ಬಂದು ನಿಂತಿರುವುದನ್ನು ಗಮನಿಸಬೇಕು. ಕಾರಂಜಿಯೆಂಬ ಹೆಸರು ಎಲ್ಲ ಹನಿಗಳೂ ಚಿಮ್ಮಲೆಂದು ಇಟ್ಟದ್ದು. ಸ್ಪರ್ಧೆಯಾದೊಡನೆ ಒಂದು ಹನಿ ಮೇಲೆ ಹೋಗಿ ಉಳಿದವೆಲ್ಲ ನೆಲಕ್ಕೆ ಬೀಳುತ್ತವೆ. ಬಾಡಿಗೆಯ ಉಡುಪು ತರಬಲ್ಲ ಶಾಲೆ ಗೆಲ್ಲುತ್ತದೆ. ಆಶುಭಾಷಣವನ್ನು ಮೊದಲೇ ಬರೆಸಿ ಬಾಯಿಪಾಠ ಮಾಡಿಸುವುದನ್ನು ನೋಡಿದರೆ ‘ಆಶು’ ಎಂಬ ಪದಕ್ಕೆ ಹೊಸ ಅರ್ಥವನ್ನು ನಿಘಂಟಿನಲ್ಲಿ ಸೇರಿಸಬೇಕಾದೀತು! ಅಲ್ಲದೆ ಇವೆಲ್ಲ ಮಳೆಗಾಲ ಚಳಿಗಾಲಗಳಲ್ಲಿ ಮುಗಿದುಹೋಗುತ್ತವೆ. ಜನವರಿ ದಾಟಿತೆಂದರೆ ಶಾಲೆಯ ಹಾರ್ಮೋನಿಯಂ ಬೀರುವಿನೊಳಗೆ ಸೇರುತ್ತದೆ.

1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದಾಗ ಋತುಗಳನ್ನೂ ಉಪಾಧ್ಯಾಯರಂತೆ ಎಣಿಸಿದರು. ಅಲ್ಲಿಯ ವಸಂತೋತ್ಸವ ಇಂದಿಗೂ ಹೆಸರಾದದ್ದು. ನಮ್ಮಲ್ಲಿಯೂ ಇಂಥ ಎಚ್ಚರ ಇದ್ದಿತು. ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ‘ಮಕ್ಕಳ ಕೂಟ’ವನ್ನು ಕಟ್ಟಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟ, ನಾಟಕ, ಚಿತ್ರಗಳ ಮೂಲಕ ಕಲಿಸಲು ಹೊರಟರು. ಈಚಿನ ಕಾಲದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿಯ ಶಾಲೆಗಳಲ್ಲಿ ಆರಂಭವಾದ ‘ನಲಿ ಕಲಿ’ ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಹಳ್ಳಿಯ ಉಪಾಧ್ಯಾಯರು ಹೊಸದನ್ನು ಮಾಡಲಾರರೆಂಬ ಮಾತಿಗೆ ಈ ಕೊನೆಯ ಉದಾಹರಣೆಯೊಂದೇ ಉತ್ತರ.

ಈಗ ಏನಾಗಬೇಕೆಂಬುದನ್ನು ಹೇಳಬೇಕು. ದೂರುವುದಕ್ಕೆ ಮಾತ್ರ ಲೇಖನಿ ಹಿಡಿದರೆ ಸಾಲದು. ನನ್ನ ಸೂಚನೆಗಳು ಮೂರು. ಮೂರಕ್ಕೂ ಹೆಚ್ಚಿನ ಹಣ ಬೇಡ.

ಮೊದಲನೆಯದು, ವಾರ್ಷಿಕ ಪರೀಕ್ಷೆ ಮುಗಿದು ರಜೆ ಬರುವ ಮುನ್ನ ಐದು ದಿನಗಳನ್ನಾದರೂ ಹೋಬಳಿಯ ಎಲ್ಲ ಶಾಲೆಗಳೂ ‘ಊರ ಪಾಠ’ಕ್ಕೆಂದು ಬಿಡಬೇಕು. ಏಳು, ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳು ತಮ್ಮ ಊರಿನ ವೀರಗಲ್ಲು, ಮಾಸ್ತಿಗಲ್ಲು, ಕೆರೆ, ಕಟ್ಟೆ, ಮರ, ಜಾತ್ರೆ, ಬಿತ್ತನೆಯ ಪದ್ಧತಿ ಇವುಗಳನ್ನು ಹಿರಿಯರಿಂದ ಕೇಳಿ ಬರೆಯಬೇಕು. ಒಂದು ದಿನ ಹಳೇಬೀಡಿಗೋ ಹಲ್ಮಿಡಿಗೋ ಹೋಗಿಬರಬೇಕು. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಗಂಡುಮಕ್ಕಳ ಬಸ್ ಚಾರ್ಜನ್ನು ಶಾಲಾಭಿವೃದ್ಧಿ ಸಮಿತಿ ಹೊಂದಿಸಲಾರದಷ್ಟು ದೊಡ್ಡದೆಂದು ಯಾರೂ ಹೇಳರು. ಹಳೇಬೀಡಿನ ಬಸದಿಯ ನುಣುಪಾದ ಕಂಬದಲ್ಲಿ ತನ್ನ ಮುಖವನ್ನು ಕಂಡ ಮಗು ಹೊಯ್ಸಳರ ಪಾಠವನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ನಮ್ಮ ಊರಿನ ರಸಿಕರು’ ಬರೆದದ್ದು ಇದೇ ಜಿಲ್ಲೆಯ ಒಂದು ಹಳ್ಳಿಯನ್ನು ಕಣ್ತುಂಬ ನೋಡಿ. ತನ್ನ ಊರು ಬರೆಯುವುದಕ್ಕೆ ಯೋಗ್ಯವಾದದ್ದೆಂದು ಒಂದು ಮಗುವಿಗೆ ಮನದಟ್ಟಾದರೆ ಪ್ರಬಂಧದ ಪ್ರಶ್ನೆಗೆ ಗೈಡು ಬೇಕಾಗುವುದಿಲ್ಲ.

ಎರಡನೆಯದು, ಪ್ರತಿ ಶಾಲೆಯಲ್ಲಿಯೂ ಒಂದು ‘ಹೆಸರಿನ ಪುಸ್ತಕ’ ಇರಬೇಕು. ಶಾಲೆಯ ಒಂದೊಂದು ಮಗುವಿನ ಹೆಸರಿನ ಮುಂದೆ, ಆ ವರ್ಷ ಅದು ಮಾಡಿದ ಒಂದು ಕೆಲಸವನ್ನು ಉಪಾಧ್ಯಾಯರು ಒಂದು ವಾಕ್ಯದಲ್ಲಿ ಬರೆಯಬೇಕು. ಮಗ್ಗಿ ಬಾರದಿದ್ದವನು ಭಾಗಾಕಾರ ಕಲಿತದ್ದು, ತಂಗಿಯನ್ನು ನೋಡಿಕೊಳ್ಳುತ್ತಲೇ ಒಂದು ದಿನವೂ ತಪ್ಪದೆ ಬಂದವಳು, ಒಣಗುತ್ತಿದ್ದ ಸಸಿಯನ್ನು ಉಳಿಸಿದವನು, ಅಜ್ಜಿಯ ಬಾಯಿಂದ ಹತ್ತು ಒಗಟುಗಳನ್ನು ಕೇಳಿ ಬರೆದು ತಂದವಳು: ಹೀಗೆ. ಅರವತ್ತು ಮಕ್ಕಳಿದ್ದರೆ ಅರವತ್ತು ವಾಕ್ಯಗಳು. ಒಂದು ವಾಕ್ಯವೂ ಹೊಳೆಯದ ಮಗುವಿದ್ದರೆ ಆ ಮಗುವನ್ನು ನಾವು ವರ್ಷವೆಲ್ಲ ನೋಡಿಯೇ ಇಲ್ಲವೆಂದಾಯಿತು. ಆ ಎಚ್ಚರಕ್ಕಾಗಿಯಾದರೂ ಈ ಪುಸ್ತಕ ಬೇಕು. ‘ಸಮುದಾಯದತ್ತ ಶಾಲೆ’ಯ ದಿನ ಶೇಕಡಾ ಓದುವ ಮುನ್ನ ಇದನ್ನು ಓದಿ ಹೇಳಲಿ. ತನ್ನ ಮಗಳ ಹೆಸರನ್ನು ಹತ್ತು ಜನರ ಮುಂದೆ ಕೇಳಿಸಿಕೊಂಡ ತಾಯಿ ಮರುವರ್ಷವೂ ಆ ಸಭೆಗೆ ಬರುತ್ತಾಳೆ. ಶೇಕಡಾ ಕೇಳಲು ಯಾವ ತಾಯಿಯೂ ಕೂಲಿ ಬಿಟ್ಟು ಬರಳು.

ಮೂರನೆಯದು, ಬೇಸಗೆಯ ರಜೆಯಲ್ಲಿ ಪುಸ್ತಕಗಳ ಬಾಗಿಲು ಮುಚ್ಚಬಾರದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ 2020ರಲ್ಲಿ ‘ಓದುವ ಬೆಳಕು’ ಎಂಬ ಯೋಜನೆ ಆರಂಭವಾಯಿತು. ಈಚಿನ ವರ್ಷಗಳಲ್ಲಿ ಅಲ್ಲಿ ಮಕ್ಕಳ ಬೇಸಗೆ ಶಿಬಿರಗಳೂ ನಡೆದಿವೆ. ಇವನ್ನು ಪಂಚಾಯಿತಿಯ ಕೆಲಸವೆಂದು ಶಾಲೆಯವರೂ ಶಾಲೆಯವರ ಕೆಲಸವೆಂದು ಪಂಚಾಯಿತಿಯವರೂ ದೂರವಿಡದೆ, ಹೋಬಳಿಯ ಮಟ್ಟದಲ್ಲಿ ಕೂಡಿ ನಡೆಸಬೇಕು. ಪದವಿ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ದಿನಕ್ಕೆ ಒಂದು ಗಂಟೆ ಮಕ್ಕಳಿಗೆ ಕಥೆ ಓದಿ ಹೇಳಿದರೆ ಓದುವವರಿಗೂ ಕೇಳುವವರಿಗೂ ಲಾಭ. ಈ ಕೆಲಸಕ್ಕೆ ನಮ್ಮಂಥ ಅಧ್ಯಾಪಕರೂ ಮುಂದೆ ಬರಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಉಪಾಧ್ಯಾಯರಿಗೆ ಬಿಡುವೆಲ್ಲಿ ಎಂಬುದು ಮೊದಲನೆಯದು. ಈ ಮಾತು ನಿಜ. 2023ರ ಮೇ 10ರಂದು ವಿಧಾನಸಭೆಯ ಚುನಾವಣೆ. 2024ರ ಏಪ್ರಿಲ್ 26ರಂದು ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಚುನಾವಣೆ. ಎರಡು ವಸಂತಗಳಲ್ಲಿಯೂ ಮತಗಟ್ಟೆಯ ಕೆಲಸ ಬಿದ್ದದ್ದು ಬಹುಮಟ್ಟಿಗೆ ಮೇಷ್ಟರುಗಳ ಹೆಗಲಿಗೆ. 2025ರ ಸಮೀಕ್ಷೆಗಾಗಿ ದಸರೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಬೆಳೆಸಿ ಅವರನ್ನು ಮನೆಮನೆಗೆ ಕಳುಹಿಸಲಾಯಿತು. ಊರಿನ ಎಲ್ಲ ತಲೆಗಳನ್ನೂ ಎಣಿಸುವವನಿಗೆ ತನ್ನ ತರಗತಿಯ ಮಕ್ಕಳ ಮುಖ ನೋಡಲು ಹೊತ್ತಿರಬೇಕೆಂದು ಯಾರು ಚಿಂತಿಸಬೇಕು? ಆದುದರಿಂದ ನಾನು ಹೇಳುವ ಐದು ದಿನಗಳು ಈಗಿರುವ ಹೊರೆಯ ಮೇಲೆ ಇನ್ನೊಂದು ಹೊರೆಯಾಗಬಾರದು. ವರದಿ, ಭಾವಚಿತ್ರ, ನಮೂನೆ, ಅಪ್‌ಲೋಡು ಇವುಗಳಿಂದ ಆ ದಿನಗಳನ್ನು ಮುಕ್ತವಾಗಿಡಬೇಕು. ರಜೆಯಲ್ಲಿ ದುಡಿದವರಿಗೆ ಗಳಿಕೆಯ ರಜೆ ಸಲ್ಲಬೇಕು.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಬಡವರ ಮಕ್ಕಳಿಗೆ ಬೇಕಾದದ್ದು ಅಂಕ. ಹೊಂಗೆಯ ಚಿಗುರನ್ನೂ ಹಳೆಯ ಕಲ್ಲನ್ನೂ ತೋರಿಸಿದರೆ ಅವರ ಹೊಟ್ಟೆ ತುಂಬುವುದೇ ಎಂದು ಕೇಳುವವರಿದ್ದಾರೆ. ಕೇಳುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಹಣವುಳ್ಳವರು ತಮ್ಮ ಮಕ್ಕಳನ್ನು ಹೇಗೆ ಬೆಳೆಸುತ್ತಿದ್ದಾರೆಂಬುದನ್ನು ಒಮ್ಮೆ ನೋಡಬೇಕು. ಅಲ್ಲಿ ಅಂಕಕ್ಕೆ ಟ್ಯೂಷನ್ನು ಬೇರೆ; ಏಪ್ರಿಲ್ ಬಂದೊಡನೆ ನಾಟಕಕ್ಕೆ, ಚಿತ್ರಕ್ಕೆ, ಈಜಿಗೆ, ಚಾರಣಕ್ಕೆ ಶುಲ್ಕ ಕೊಟ್ಟು ಸೇರಿಸುವ ಶಿಬಿರಗಳು ಬೇರೆ. ಉಳ್ಳವರು ಎರಡನ್ನೂ ಕೊಂಡು, ಇಲ್ಲದವರಿಗೆ ‘ನಿನಗೆ ಅಂಕವೊಂದೇ ಸಾಕು’ ಎಂದು ಹೇಳುವುದು ಯಾವ ನ್ಯಾಯ? ಮಾದಿಹಳ್ಳಿಯ ಮಗುವಿಗೆ ಅಂಕವೂ ಬೇಕು, ಅಂಕಕ್ಕೆ ನಿಲುಕದ್ದೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವ ಅಧಿಕಾರ ನಮಗಿಲ್ಲ. ಮೇಲಾಗಿ, ತನ್ನ ಊರನ್ನು ನೋಡಿ ನಾಲ್ಕು ಸಾಲು ಬರೆಯಬಲ್ಲ ಹುಡುಗಿ ಪರೀಕ್ಷೆಯಲ್ಲಿ ಸೋಲುವುದು ಅಪರೂಪ; ಪರೀಕ್ಷೆಗೆಂದೇ ಕಲಿತವಳ ವಿಷಯದಲ್ಲಿ ಅಂಥ ಭರವಸೆ ಕೊಡಲಾಗದು. ಕ್ಯಾಮರಾ ಇಟ್ಟ ವರ್ಷವೂ ಕುಸಿಯದಿರುವ ಕಲಿಕೆ ಅಂಥದೇ.

ಬರುವ ವರ್ಷವೂ ಫಲಿತಾಂಶದ ಪಟ್ಟಿ ಹೊರಬೀಳುತ್ತದೆ. ಜಿಲ್ಲೆ ಒಂದು ಸ್ಥಾನ ಏರಬಹುದು, ಒಂದು ಸ್ಥಾನ ಇಳಿಯಬಹುದು. ಏರಿದರೆ ಹಾರ ಹಾಕಿಸಿಕೊಳ್ಳುವವರೂ ಇಳಿದರೆ ನೋಟೀಸು ಕಳುಹಿಸುವವರೂ ಸಿದ್ಧವಾಗಿಯೇ ಇರುತ್ತಾರೆ. ಅಷ್ಟರೊಳಗೆ ಹೋಬಳಿಯ ಒಂದು ಶಾಲೆಯಾದರೂ ಮಕ್ಕಳ ಹೆಸರಿನ ಪುಸ್ತಕವೊಂದನ್ನು ಆರಂಭಿಸಲಿ. ದಾಸೋಜನಿಗೂ ಚಾವಣನಿಗೂ ಸಂದ ಮರ್ಯಾದೆ ಅದೇ ಸೀಮೆಯ ಮಕ್ಕಳಿಗೆ ಸಲ್ಲದಿರುವುದಕ್ಕೆ ಕಾರಣ ಕಾಣದು. ಅವರಿಗೆ ಕಲ್ಲು ಬೇಕಾಯಿತು. ಇವರಿಗೆ ಇನ್ನೂರು ಪುಟದ ಒಂದು ನೋಟು ಪುಸ್ತಕ ಸಾಕು.